ಎಣ್ಣೆಗೆ ಬಾರಿಸಿದ ಹಲಗೆ

ಹತ್ತಿರ ಬನ್ನಿ ಮಕ್ಕಳೇ, ಇದು ಸಿಟ್ಟಿನ ಕಥೆ. ಕಣಗಿನಹಾಳು ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಒಬ್ಬ ರಾಜ. ರಾಜನ ಊರಿಗೆ ಒಂದು ಹಲಗೆ. ಆ ಹಲಗೆ ಬಾರಿಸುವುದಕ್ಕೆ ಒಬ್ಬಳು ಹೆಂಗಸು, ಹೆಸರು ದುರುಗವ್ವ.

ಹಲಗೆ ಅಂದರೆ ಗೊತ್ತಲ್ಲ, ದುಂಡನೆಯ ಚೌಕಟ್ಟಿಗೆ ಚರ್ಮ ಬಿಗಿದದ್ದು. ಬೆಂಕಿಗೆ ಹಿಡಿದು ಕಾಯಿಸಿ ಬಾರಿಸಿದರೆ ಊರಾಚೆಯ ಹೊಲದವರೆಗೂ ಕೇಳುತ್ತದೆ. ಆ ಊರಲ್ಲಿ ಒಂದೊಂದು ಸುದ್ದಿಗೆ ಒಂದೊಂದು ಬಡಿತ. ಅರಮನೆಯ ಅಪ್ಪಣೆಗೆ ಒಂದು. ಬೆಂಕಿ ಬಿದ್ದರೆ ಒಂದು. ಕೂಸು ಕಳೆದರೆ ಒಂದು. ಈ ಮೂರನೆಯದಕ್ಕೆ ಕೂಸಿನ ಬಡಿತ ಅಂತಲೇ ಹೆಸರು.

ಕೂಸಿನ ಬಡಿತ ಕೇಳಿತೆಂದರೆ ಊರಲ್ಲಿ ಯಾರೂ ಕೂತಿರುತ್ತಿರಲಿಲ್ಲ. ರೊಟ್ಟಿ ಬಡಿಯುವವಳು ಒಲೆಗೆ ನೀರು ಸುರಿದು ಏಳುತ್ತಿದ್ದಳು. ನೇಕಾರ ಲಾಳಿ ಬಿಟ್ಟು ಏಳುತ್ತಿದ್ದ. ಜಗಳ ಆಡುವವರು ಜಗಳವನ್ನು ಅಲ್ಲೇ ಬಿಟ್ಟು ಓಡುತ್ತಿದ್ದರು. ಯಾರ ಕೂಸು ಅಂತ ಕೇಳುವ ಪದ್ಧತಿಯೇ ಇರಲಿಲ್ಲ. ಕೇಳುತ್ತ ನಿಂತರೆ ಹೊತ್ತು ಹೋಗುತ್ತದೆ, ಮೊದಲು ಓಡು, ಆಮೇಲೆ ಕೇಳು ಅನ್ನುವುದು ಆ ಊರಿನ ರೂಢಿ.

ದುರುಗವ್ವ ತಾನೇ ಚಿಕ್ಕವಳಿದ್ದಾಗ ಹಾಳು ಬಾವಿಗೆ ಬಿದ್ದಿದ್ದಳು. ಅವಳ ಅಜ್ಜಿ ಅಳುತ್ತಳುತ್ತಲೇ ಹಲಗೆ ಬಾರಿಸಿದಳು, ಊರೆಲ್ಲ ಬಂದು ಮೇಲೆತ್ತಿತು. ಅದಕ್ಕೇ ಆ ಬಡಿತವೆಂದರೆ ದುರುಗವ್ವನಿಗೆ ಜೀವ. ಅದನ್ನು ಕಲಿಯುವಾಗಲೂ ಹಲಗೆಯ ಮೇಲೆ ಬಾರಿಸುವಂತಿಲ್ಲ, ತೊಡೆಯ ಮೇಲೆ ತಟ್ಟಿಯೇ ಕಲಿಯಬೇಕು. ಹಾಗೆ ಕಲಿತವಳು ಅವಳು.

ಇಂಥ ಊರಿಗೆ ಪಂಪಣ್ಣ ಅನ್ನುವ ವ್ಯಾಪಾರಿ ಬಂದ. ತಲೆಗೆ ಹಚ್ಚುವ ಘಮಘಮ ಎಣ್ಣೆ ಮಾರುತ್ತಿದ್ದ. ಎಣ್ಣೆ ಕೆಟ್ಟದ್ದೇನಲ್ಲ, ಇದ್ದದ್ದು ಇದ್ದ ಹಾಗೆ ಹೇಳಬೇಕು. ಆದರೆ ಊರಲ್ಲಿ ಗಾಣದ ಎಣ್ಣೆ ಬೇಕಾದಷ್ಟಿತ್ತು, ಇವನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತ. ಗಂಟಲು ಹರಿಯುವ ಹಾಗೆ ಕೂಗಿದ, ಯಾರೂ ತಿರುಗಲಿಲ್ಲ. ಕೋತಿ ಕುಣಿಸಿದ, ಮಕ್ಕಳು ಕೋತಿ ನೋಡಿ ಮನೆಗೆ ಹೋದವು. ಆನೆಯ ಮೈಗೆ ಎಣ್ಣೆ ಸವರಿ ಬೀದಿಬೀದಿ ಮೆರೆಸಿದ, ಜನ ಆನೆಗೆ ಬಾಳೆಹಣ್ಣು ಕೊಟ್ಟು ಕೈಮುಗಿದು ಹೋದರು.

ಹೀಗಿರುವಾಗ ಒಂದು ದಿನ ಅಗಸರ ಹುಡುಗನೊಬ್ಬ ಕಾಣೆಯಾದ. ದುರುಗವ್ವ ಕೂಸಿನ ಬಡಿತ ಬಾರಿಸಿದಳು. ಪಂಪಣ್ಣನ ಅಂಗಡಿಯ ಮುಂದೆಯೇ ಊರಿಗೆ ಊರೇ ಓಡಿತು. ಎಲ್ಲರೂ ಕೂಸನ್ನು ಹುಡುಕುತ್ತಿದ್ದರೆ ಇವನೊಬ್ಬ ನಿಂತು ಜನರನ್ನು ನೋಡುತ್ತಿದ್ದ. ಎಷ್ಟು ಜನ! ಎಷ್ಟು ಬೇಗ! ಹುಡುಗ ಸಿಕ್ಕ ಅಂತ ಊರು ಸಂತೋಷಪಟ್ಟಿತು, ಉಪಾಯ ಸಿಕ್ಕಿತು ಅಂತ ಪಂಪಣ್ಣ ಸಂತೋಷಪಟ್ಟ.

ನೇರ ಅರಮನೆಗೆ ಹೋದ. "ಪ್ರಭು, ಊರ ಹಲಗೆ ಸುಮ್ಮನೆ ನೇತಾಡುತ್ತಿದೆ. ಒಂದು ವರ್ಷ ನನಗೆ ಕೊಡಿ. ಅರಮನೆಯ ದೀಪಕ್ಕೆಲ್ಲ ಎಣ್ಣೆ ನನ್ನದು" ಅಂದ.

ಆ ರಾಜ ಕೆಟ್ಟವನಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಬೇಡ ಅನ್ನುವವನೂ ಅಲ್ಲ. "ತಗೋ" ಅಂದ.

"ಇನ್ನೊಂದು ಅಪ್ಪಣೆ ಆಗಬೇಕು ಪ್ರಭು. ಈ ವರ್ಷ ಹಲಗೆ ಏನು ಸಾರಿದರೂ ಅದು ಪಂಪಣ್ಣನ ಮಾತು ಅಂತ ಊರಿಗೆಲ್ಲ ತಿಳಿಯಬೇಕು. ನನ್ನ ಹೆಸರು ಎಲ್ಲರ ಬಾಯಲ್ಲೂ ಓಡಾಡಬೇಕು."

"ಆಗಲಿ" ಅಂದ ರಾಜ. ಅಪ್ಪಣೆ ಹೊರಟಿತು. ಈ ಅಪ್ಪಣೆಯನ್ನು ನೆನಪಿಟ್ಟುಕೊಳ್ಳಿ.

ಮರುದಿನ ಬೆಳಗ್ಗೆ ಪಂಪಣ್ಣ ಏದುಸಿರು ಬಿಡುತ್ತ ಬಂದ. "ಕೂಸಿನ ಬಡಿತ ಬಾರ್ಸವ್ವ, ಲಗೂನ ಬಾರ್ಸು!" ಯಾರ ಕೂಸು ಅಂತ ಕೇಳುವ ಪದ್ಧತಿ ಇಲ್ಲವಲ್ಲ, ದುರುಗವ್ವ ಕೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಬಾರಿಸಿದಳು. ಊರೆಲ್ಲ ಪೇಟೆಗೆ ಓಡಿ ಬಂತು. ಪಂಪಣ್ಣ ಬಂಡಿಯ ಮೇಲೆ ಹತ್ತಿ ನಿಂತ.

"ಕಳದೈತ್ರಪ್ಪೋ ಕಳದೈತಿ! ಏನ್ ಕಳದೈತಿ? ನಿಮ್ಮ ಕೂದಲಿನ ಹೊಳಪು ಕಳದೈತಿ! ಎಲ್ಲಿ ಸಿಗತೈತಿ? ನಮ್ಮ ಅಂಗಡ್ಯಾಗ ಸಿಗತೈತಿ!"

ಯಾರೋ ಒಬ್ಬ ಕಿಸಕ್ಕನೆ ನಕ್ಕ. ಅವನನ್ನು ನೋಡಿ ಇನ್ನೊಬ್ಬ. ಆಮೇಲೆ ಎಲ್ಲರೂ. "ಭಲೇ ಪಂಪಣ್ಣ, ಏನ್ ತಲಿನಪ್ಪಾ ನಿಂದು!" ಸಂಜೆಯೊಳಗೆ ಅಂಗಡಿ ಖಾಲಿ. ನನಗೆ ಪಂಪಣ್ಣನ ಮೇಲೆ ಎಷ್ಟು ಸಿಟ್ಟಿದೆಯೋ ಆ ನಕ್ಕವರ ಮೇಲೂ ಅಷ್ಟೇ ಇದೆ. ಅವತ್ತು ಒಬ್ಬರಾದರೂ ಉಗಿದು ಹೊರಟುಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ದುರುಗವ್ವ ಅಂಗಡಿಗೆ ಹೋಗಿ ಕೇಳಿದಳು, "ನನ್ ಕೈಲಿ ಸುಳ್ಳು ಬಾರ್ಸಿದೆಲ್ಲೋ. ನಾಳೆ ಖರೇನ ಕೂಸು ಕಳದ್ರ ಯಾರ್ ಬರ್ತಾರ?"

"ಯಾರಿಗೇನು ಲುಕ್ಸಾನ ಆತವ್ವ? ಎಲ್ಲಾರೂ ನಕ್ಕೋತ ಹೋದ್ರು."

"ಇನ್ನ ನಾ ಬಾರ್ಸಂಗಿಲ್ಲ" ಅಂದಳು. ಪಂಪಣ್ಣನಿಗೆ ಅದೇನು ಭಾರಿ ಮಾತೇ? ಹಲಗೆಗೆ ಹೂವಿನ ಹಾರ ಹಾಕಿ ಅಂಗಡಿಯ ಬಾಗಿಲಿಗೆ ತೂಗುಹಾಕಿದ. ಬಾರಿಸುವುದಕ್ಕೆ ಸಂಬಳದ ಆಳೊಬ್ಬನನ್ನು ಇಟ್ಟ.

ಎರಡನೆಯ ಸಲ ಕೂಸಿನ ಬಡಿತ ಕೇಳಿತು. ಅರ್ಧ ಊರು ಬಂತು. ಕೂದಲು ಕೆದರಿಕೊಂಡ ಹೆಂಗಸೊಬ್ಬಳು ಪೇಟೆಯ ನಡುವೆ ಎದೆ ಬಡಿದುಕೊಂಡು ಅಳುತ್ತಿದ್ದಳು. "ಎಣ್ಣಿ ಇಲ್ಲದ ತಲಿ ನೋಡಿ ನನ್ ಕೂಸು ಮನಿ ಬಿಟ್ಟು ಹೋತ್ರೀ!" ಅಂದಳು. ಆಮೇಲೆ ಕಣ್ಣೊರೆಸಿಕೊಂಡು, ಎಣ್ಣೆಯ ಕುಡಿಕೆ ಎತ್ತಿ ತೋರಿಸಿ ನಕ್ಕಳು. ಬಯಲಾಟದವರ ಹೆಂಗಸು ಅವಳು. ಜನ ಚಪ್ಪಾಳೆ ತಟ್ಟಿದರು.

ಮೂರನೆಯ ಸಲ ಪಂಪಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮರದಲ್ಲಿ ಪುಟ್ಟ ಪಾದದ ಅಚ್ಚು ಕೆತ್ತಿಸಿ, ಅರಿಶಿನದಲ್ಲಿ ಅದ್ದಿ, ಕೆರೆಯ ಮೆಟ್ಟಿಲಿನಿಂದ ಊರೊಳಗೆ ಕೂಸಿನ ಹೆಜ್ಜೆ ಮೂಡಿಸಿದ. ಆಮೇಲೆ ಹಲಗೆ ಬಾರಿಸಿದರು. ಬಂದ ನಾಲ್ಕು ಜನ ಎದೆ ಹಿಡಿದುಕೊಂಡು ಆ ಹೆಜ್ಜೆಯ ಹಿಂದೆ ಹೋದರು. ಹೆಜ್ಜೆ ಪಂಪಣ್ಣನ ಅಂಗಡಿಯ ಹೊಸ್ತಿಲಿಗೆ ಬಂದು ನಿಂತಿತ್ತು. ಈ ಸಲ ನಗುವವರೂ ಕಡಿಮೆಯಾಗಿದ್ದರು, ಬಂದವರು ಬೇಸರಪಟ್ಟು ಮನೆಗೆ ಹೋದರು.

ಇದಾಗಿ ಕೆಲವೇ ದಿನಕ್ಕೆ, ಹೊತ್ತು ಇಳಿಯುವ ವೇಳೆಗೆ, ಕುಂಬಾರರ ಬಸಲಿಂಗಿ ದುರುಗವ್ವನ ಮನೆಗೆ ಓಡಿಬಂದಳು. ಸೆರಗು ಎಲ್ಲೋ, ಕೂದಲು ಎಲ್ಲೋ. "ಅವ್ವಾ, ನನ್ ಮಗಳು ಸಣ್ಣಿ ಕಾಣವಲ್ಲಳು! ಮಧ್ಯಾಹ್ನ ಊರ ಹೊರಗ ಆಡಾಕ ಹೋದಾಕಿ, ಇನ್ನೂ ಕಾಣವಲ್ಲಳು!"

ದುರುಗವ್ವ ಪಂಪಣ್ಣನ ಅಂಗಡಿಗೆ ನುಗ್ಗಿದಳು. ಹಾರ ಕಿತ್ತು ಎಸೆದಳು, ಹಲಗೆ ಎತ್ತಿಕೊಂಡಳು. ಕೂಸಿನ ಬಡಿತ ಬಾರಿಸುತ್ತ ನೇಕಾರರ ಓಣಿಗೆ ಹೋದಳು. ಮಗ್ಗದ ಮುಂದೆ ಕೂತ ಮಲ್ಲಪ್ಪ ತಲೆ ಎತ್ತದೆ ಕೇಳಿದ, "ಈ ಸಲ ಎಣ್ಣಿನೋ, ಸೀಗಿಪುಡಿನೋ?" ಅಕ್ಕಸಾಲಿಗರ ಓಣಿಗೆ ಹೋದಳು. ಪಟಪಟ ಅಂತ ಕಿಟಕಿ ಮುಚ್ಚಿಕೊಂಡವು. ಅರಮನೆಯ ಬೀದಿಗೆ ಹೋದಳು. ಕಾವಲಿನವರು ಬಸಲಿಂಗಿಯ ಅಳು ನೋಡಿ ತಲೆದೂಗಿದರು. "ಹೋದ ಸಲದಾಕಿಗಿಂತ ಈಕಿ ಛಲೋ ಅಳ್ತಾಳ" ಅಂದರು.

ಕೇಳಿದಿರಾ ಮಕ್ಕಳೇ? ಮಗಳನ್ನು ಕಳೆದುಕೊಂಡ ತಾಯಿಯ ಅಳುವಿಗೆ ಮೆಚ್ಚುಗೆ ಕೊಟ್ಟರು. ಬಸಲಿಂಗಿ ಬೀದಿಯಲ್ಲೇ ಕುಸಿದು ಕೂತಳು.

ದುರುಗವ್ವನಿಗೆ ಮೈಯೆಲ್ಲ ಉರಿದುಹೋಯಿತು. ಪಂಪಣ್ಣನನ್ನು ಬೈಯಬೇಕೋ, ಜನರನ್ನು ಬೈಯಬೇಕೋ ತಿಳಿಯಲಿಲ್ಲ. ಸೂರ್ಯ ಮುಳುಗುವುದರಲ್ಲಿದ್ದ. ಆಗ ಅವಳಿಗೆ ರಾಜನ ಅಪ್ಪಣೆ ನೆನಪಾಯಿತು. ಬಡಿತ ಬದಲಿಸಿದಳು. ಅರಮನೆಯ ಅಪ್ಪಣೆಯ ಬಡಿತ ಹಾಕಿ, ಗಂಟಲು ಬಿರಿಯುವಂತೆ ಸಾರಿದಳು.

"ಕೇಳ್ರಪ್ಪೋ ಕೇಳ್ರಿ! ಪಂಪಣ್ಣನ ಮಾತು ಕೇಳ್ರಿ! ಊರ ಹೊರಗಿನ ಕಣದ ಬಯಲಿಗೆ ಯಾರ್ ಬರ್ತಾರೋ, ದೀಪ ಹಿಡಕೊಂಡು ಹಗ್ಗ ಕಟ್ಟಿದ ಕೊಡ ತರ್ತಾರೋ, ಅವ್ರ ಕೊಡ ತುಂಬ ಎಣ್ಣಿ ಪುಕ್ಕಟೆ! ಲಗೂನ ಬಂದವ್ರಿಗೇ ಲಗೂನ!"

ಅಬ್ಬಾ, ಆ ಓಟ ನೋಡಬೇಕಿತ್ತು! ಕಿಟಕಿ ತೆರೆದವು. ಬಾವಿಯ ಕಟ್ಟೆಯ ಮೇಲಿದ್ದ ಕೊಡ ಹಗ್ಗದ ಸಮೇತ ಎದ್ದವು. ಮಲ್ಲಪ್ಪ ಎರಡು ಕೊಡ ಹಿಡಿದು ಓಡಿದ. ಕಾವಲಿನವರು ಈಟಿ ಗೋಡೆಗೆ ಒರಗಿಸಿ ಓಡಿದರು. ಒಬ್ಬರನ್ನೊಬ್ಬರು ತಳ್ಳಿಕೊಂಡು ಇಡೀ ಊರು ಕಣದ ಬಯಲಿಗೆ ಬಂತು.

"ಎಣ್ಣಿ ಎಲ್ಲೈತಿ?" ಅಂದರು.

ದುರುಗವ್ವ ಬಣವೆಯ ಮೇಲೆ ಹತ್ತಿ ನಿಂತಿದ್ದಳು. ಪಕ್ಕದಲ್ಲಿ ಬಸಲಿಂಗಿ.

"ಬಂದ್ರಿ! ಎಣ್ಣಿಗೆ ಬಂದ್ರಿ! ಕೂಸಿಗೆ ಕರದ್ರ ಒಬ್ರೂ ಏಳಲಿಲ್ಲ, ಎಣ್ಣಿಗೆ ಕರದ್ರ ಬಿದ್ದೆದ್ದು ಬಂದ್ರಿ! ನಾಚಿಕಿ ಆಗಬೇಕು ನಿಮಗ! ಎಣ್ಣಿ ನಾಳೆ ಸಿಗತೈತಿ, ಅದಕ್ಕ ನಾ ಜವಾಬ್ದಾರಿ. ಈಕಿ ಕುಂಬಾರ ಬಸಲಿಂಗಿ, ಆಟದಾಕಿ ಅಲ್ಲ. ಈಕಿ ಮಗಳು ಖರೇನ ಕಳದಾಳ. ದೀಪ ಐತಿ, ಹಗ್ಗ ಐತಿ, ಕಾಲು ಐತಿ. ಇನ್ನೇನು ಬೇಕು ನಿಮಗ?"

ತಲೆ ತಗ್ಗಿಸಿಕೊಂಡೇ ಒಬ್ಬ ಕೆರೆಯ ಕಡೆ ಹೊರಟ, ಇನ್ನೊಬ್ಬ ಬಾವಿಯ ಕಡೆ. ಹಳೆಯ ರೂಢಿ ಕಾಲಿಗೆ ಮರೆತಿರಲಿಲ್ಲ. ಕಣದ ಅಂಚಿನಲ್ಲಿ ಹಳೆಯ ಹಗೇವು ಇದ್ದವು, ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿಗಳು. ಬಾಯಿ ಇಕ್ಕಟ್ಟು, ಒಳಗೆ ಉಸಿರು ಕಟ್ಟುವಂಥ ಗಾಳಿ. ಒಂದು ಹಗೇವಿನ ಮುಚ್ಚುಗಲ್ಲು ಜರುಗಿತ್ತು. ಕೊಡದಲ್ಲಿ ದೀಪ ಇಟ್ಟು ಇಳಿಬಿಟ್ಟರು. ದೀಪ ಮಂಕಾಯಿತು, ಆದರೆ ಆ ಮಂಕು ಬೆಳಕಿನಲ್ಲೇ ಹಸಿರು ಲಂಗ ಕಾಣಿಸಿತು.

ಹೆಂಗಸರು ಕಂಬಳಿ ಬೀಸಿ ಬೀಸಿ ಒಳಗೆ ಗಾಳಿ ತುಂಬಿದರು. ಮಲ್ಲಪ್ಪ ಸಣ್ಣ ಮೈಯವನು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ತಾನೇ ಇಳಿದ. ಸಣ್ಣಿಯನ್ನು ಎದೆಗವಚಿಕೊಂಡು ಮೇಲೆ ಬಂದ. ಕೂಸಿಗೆ ಉಸಿರಿತ್ತು, ಅಷ್ಟೇ ಇದ್ದದ್ದು. ಮುಖಕ್ಕೆ ನೀರು ಚಿಮುಕಿಸಿದ ಮೇಲೆ "ಅವ್ವಾ" ಅಂದಳು. ಬಸಲಿಂಗಿ ಮಗಳನ್ನು ತಬ್ಬಿಕೊಂಡು ಅತ್ತಳು. ಮಲ್ಲಪ್ಪ ಅವಳ ಕಾಲು ಹಿಡಿದು ಅವಳಿಗಿಂತ ಜೋರಾಗಿ ಅತ್ತ.

ಮರುದಿನ ಪಂಪಣ್ಣ ಅರಮನೆಯಲ್ಲಿ ಬೊಬ್ಬೆ ಹೊಡೆದ. "ಪ್ರಭು, ಈ ಹೆಂಗಸು ನನ್ನ ಹೆಸರಲ್ಲಿ ಸುಳ್ಳು ಸಾರಿದ್ದಾಳೆ! ಊರೆಲ್ಲ ಕೊಡ ಹಿಡಿದು ನನ್ನ ಬಾಗಿಲಲ್ಲಿ ನಿಂತಿದೆ!"

"ಸುಳ್ಳು ಹೆಂಗಾಗತೈತಿ ದೊರಿ?" ಅಂದಳು ದುರುಗವ್ವ. "ಈ ವರ್ಷ ಹಲಗಿ ಏನ್ ಸಾರಿದ್ರೂ ಪಂಪಣ್ಣನ ಮಾತು ಅಂತ ಅಪ್ಪಣಿ ಕೊಟ್ಟಾವ್ರು ನೀವು, ಬೇಡಿ ತಗೊಂಡಾವ ಅವನು. ಎಣ್ಣಿ ಕೊಟ್ರ ಅದು ಖರೇ ಆಗತೈತಿ. ಕೊಡದಿದ್ರ ನಿಮ್ಮ ಅಪ್ಪಣಿನ ಸುಳ್ಳಾಗತೈತಿ. ಇನ್ನೊಂದು ಮಾತು ದೊರಿ. ಅಳೋ ತಾಯಂದಿರ ಹಲಗಿ ಅದು, ದೀಪದ ಎಣ್ಣಿಗೆ ಕೊಟ್ರಲ್ಲ, ಅದು ನಿಮ್ಮಪ್ಪನ ಮನೀದಾಗಿತ್ತಾ?"

ರಾಜ ಅಂದ, "ತಪ್ಪು ನನ್ನಿಂದಲೇ ಶುರುವಾಗಿದೆ. ಹಲಗೆ ಊರಿಗೆ ವಾಪಸ್. ಪಂಪಣ್ಣ, ಕೊಡ ತುಂಬಿಸು."

ತುಂಬಿಸಿದ. ಕೊನೆಯ ಹನಿಯವರೆಗೂ ತುಂಬಿಸಿದ. ಬರಿಗೈಯಲ್ಲಿ ಖಾಲಿ ಬಂಡಿ ಹೊಡೆದುಕೊಂಡು ಊರು ಬಿಟ್ಟ. ಜನ ಎಣ್ಣೆ ಮನೆಗೆ ಒಯ್ದರು, ಆದರೆ ತಲೆಗೆ ಹಚ್ಚಿಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಬಾವಿಯ ಕಟ್ಟೆಗಳ ಮೇಲೆ ದೀಪ ಹಚ್ಚಿ ಮುಗಿಸಿದರು.

ದುರುಗವ್ವ ಹಳೆಯ ಕೂಸಿನ ಬಡಿತವನ್ನು ಮತ್ತೆ ಮುಟ್ಟಲಿಲ್ಲ. ಅದನ್ನು ಕೇಳಿದರೆ ಜನಕ್ಕೆ ಎಣ್ಣೆ ನೆನಪಾಗುತ್ತಿತ್ತು. ಹೊಸದೊಂದು ಬಡಿತ ಕಟ್ಟಿದಳು, ಊರಿನವರಿಗೆಲ್ಲ ತೊಡೆಯ ಮೇಲೆ ತಟ್ಟಿ ತೋರಿಸಿದಳು.

ನೀತಿ ಏನೆಂದು ಬಿಡಿಸಿಯೇ ಹೇಳುತ್ತೇನೆ. ಜನರ ಗಮನ ಸೆಳೆಯುವ ಜಾಣತನ ತಪ್ಪಲ್ಲ, ಕೋತಿ ಕುಣಿಸಿ, ಆನೆ ಮೆರೆಸಿ, ನಿಮ್ಮ ಇಷ್ಟ. ಆದರೆ ಜನರ ಕರುಳನ್ನು ಕರೆಯುವ ದನಿಯಲ್ಲಿ ಸರಕು ಮಾರಬೇಡಿ. ಹಾಗೆ ಮಾರುವವನನ್ನು ಮೆಚ್ಚಿ ನಗಲೂ ಬೇಡಿ.

ಹೊಸ ಬಡಿತ ಮೊದಲ ಸಲ ಕೇಳಿದ ದಿನ ಊರು ಓಡಿ ಬಂತು, ಕೂಸೂ ಸಿಕ್ಕಿತು. ಆದರೆ ಓಡುವುದಕ್ಕೆ ಮೊದಲು ಎಲ್ಲರೂ ಒಂದು ಉಸಿರು ತಡೆದು ನಿಂತರು, ಇದು ಖರೇನೋ ಸುಳ್ಳೋ ಅಂತ. ಆ ಒಂದು ಉಸಿರಿನ ಹೊತ್ತನ್ನು ಪಂಪಣ್ಣ ಕದ್ದುಕೊಂಡು ಹೋಗಿದ್ದಾನೆ. ಅದು ಆ ಊರಿಗೆ ಇವತ್ತಿಗೂ ವಾಪಸ್ ಬಂದಿಲ್ಲ.