ಒಲೆಯೋ, ನೆಂಟನೋ?

ರಾಯಚೂರಿನ ಬಿರುಬಿಸಿಲಲ್ಲಿ ಓಡುತ್ತಿದ್ದ ರಿಮೋಟ್ ಆಟಿಕೆ ಟ್ರಕ್ಕಿನ ಮೋಟಾರಿಗೆ ಒಂದು ಗೊಂದಲ: ತಲೆಯ ಮೇಲೇ ಫ್ಯಾನು ತಿರುಗುತ್ತಿದ್ದರೂ ಮೈಯೇಕೆ ಸುಡುತ್ತಿದೆ?

"ಫ್ಯಾನಪ್ಪಾ, ಇನ್ನೊಂದು ಸುತ್ತು ಓಡಿದರೆ ನಾನು ಸುಟ್ಟುಹೋಗುತ್ತೇನೆ. ಒಲೆಗೂ ಗಾಳಿ ಹಾಕುತ್ತಾರೆ, ನೆಂಟರಿಗೂ ಗಾಳಿ ಹಾಕುತ್ತಾರೆ. ನಾನು ನಿನಗೆ ಒಲೆಯೋ, ನೆಂಟನೋ?"

"ನೆಂಟನೇ ಮಾರಾಯ. ಆದರೆ ಈ ಮುಚ್ಚಿದ ಹೊದಿಕೆಯೊಳಗೆ ನಿನ್ನ ಬಿಸಿಯುಸಿರನ್ನೇ ನಿನಗೆ ಬೀಸುತ್ತಿದ್ದೇನೆ," ಎಂದಿತು ಫ್ಯಾನು.

"ನಾನಿಲ್ಲದಿದ್ದರೆ ನಿಮಗೆ ನೆರಳೆಲ್ಲಿ?" ಎಂದು ಬಣ್ಣದ ಪ್ಲಾಸ್ಟಿಕ್ ಹೊದಿಕೆ ಗದರಿತು. ಅದೂ ನಿಜವೆನ್ನಿಸಿ ಮೋಟಾರು ಬೇಯುತ್ತಲೇ ತಿರುಗಿತು.

ಅಷ್ಟರಲ್ಲಿ ಟ್ರಕ್ಕು ಕಲ್ಲಿಗೆ ಬಡಿದು ಹೊದಿಕೆ ಸೀಳಿಹೋಯಿತು. ಒಳಗಿನ ಕಾವೆಲ್ಲ ಹೊರಬಿದ್ದು ಮೋಟಾರಿಗೆ ಜೀವ ಬಂತು.

"ಅಯ್ಯೋ, ನಿನ್ನ ನೆರಳು ಹರಿದುಹೋಯಿತಲ್ಲೋ!" ಎಂದು ಹೊದಿಕೆ ಬಿಕ್ಕಿತು.

ಹೊದಿಕೆಯನ್ನು ಸಂತೈಸಬೇಕೋ, ಕಲ್ಲಿಗೆ ನಮಸ್ಕರಿಸಬೇಕೋ ತಿಳಿಯದೆ ಮೋಟಾರು ಸುಮ್ಮನೆ ಉಸಿರಾಡಿತು.