ಮುಚ್ಚಳ ಬಿಡದ ಇಡ್ಲಿ ಪಾತ್ರೆ

ಮಲಗು, ಮಲಗು, ಹೇಳ್ತೀನಿ. ಆದ್ರೆ ಇವತ್ತು ರಾಜಕುಮಾರಿ ಕತೇನೂ ಇಲ್ಲ, ಮಾತಾಡೋ ಗಿಣಿ ಕತೇನೂ ಇಲ್ಲ. ಬೆಳಿಗ್ಗೆ ಇಡ್ಲಿ ಆರಿಹೋಗಿದೆ ಅಂತ ತಟ್ಟೆ ತಳ್ಳಿ ಎದ್ದುಹೋದ್ಯಲ್ಲ, ಆಗಿಂದ ಈ ಅಜ್ಜಿ ಹೊಟ್ಟೆ ಉರೀತಾ ಇದೆ. ಅದಕ್ಕೇ ಇಡ್ಲಿ ಕತೇನೇ ಹೇಳ್ತೀನಿ. ಹೂಂ ಅಂತ ಕೇಳು.

ಒಂದಾನೊಂದು ಕಾಲದಲ್ಲಿ, ಪಾತ್ರೆಪಡಗಗಳೂ ಬೇಕಾದಾಗ ಬಾಯಿಬಿಟ್ಟು ಮಾತಾಡ್ತಿದ್ದ ಕಾಲದಲ್ಲಿ, ಒಂದು ದೊಡ್ಡ ಮನೆ ಇತ್ತಂತೆ. ಆ ಮನೆ ಯಜಮಾನಿ ತಿಮ್ಮಾಜಮ್ಮ. ಗಂಡ ತೀರಿಕೊಂಡಿದ್ದ, ಮೂರು ಜನ ಗಂಡುಮಕ್ಕಳು. ದೊಡ್ಡೋನಿಗೆ ಮಾತ್ರ ಮದುವೆ ಆಗಿತ್ತು, ಅವನ ಹೆಂಡ್ತಿ ಹೆಸರು ಚಿಕ್ತಾಯಿ. ಆ ಮನೇಲಿ ಬೆಳಗಾದ್ರೆ ಇಡ್ಲಿ ಆಗಲೇಬೇಕು, ಇಡ್ಲಿ ಇಲ್ಲದೆ ಆ ಮೂವರು ಹೊಸಿಲು ದಾಟ್ತಿರಲಿಲ್ಲವಂತೆ. ಸಂಜೆ ಒರಳ ಮುಂದೆ ಕೂತು ಅಕ್ಕಿ, ಉದ್ದು ರುಬ್ಬೋಳು ಚಿಕ್ತಾಯಿ, ಉಪ್ಪು ಹಾಕಿ ಕೈಯಿಂದ ಕಲಸಿಡೋಳು ಚಿಕ್ತಾಯಿ, ಕೋಳಿ ಕೂಗೋಕೆ ಮುಂಚೆ ಎದ್ದು ಒಲೆ ಊದೋಳೂ ಅವಳೇ. ತಿನ್ನೋರು ಮಾತ್ರ ಬೇರೆ!

ತಿಮ್ಮಾಜಮ್ಮನದು ಒಂದು ಕಟ್ಟಳೆ ಇತ್ತಂತೆ. ಇಡ್ಲಿ ತಟ್ಟೆ ಗುಳಿಯಲ್ಲಿ ಬೆಂದದ್ದು ಮೊದಲು ಗಂಡಸರಿಗೆ, ಅವರು ಹೊಟ್ಟೆ ತುಂಬಿ ತೇಗಿ ಎದ್ದ ಮೇಲೆ ಏನಾದ್ರೂ ಉಳಿದ್ರೆ ಹೆಂಗಸರಿಗೆ. ಉಳಿಯೋದು ಏನು ಮಹಾ, ಅಂಚು ಮುರಿದದ್ದು, ಬಟ್ಟೆಗೆ ಅಂಟಿ ಹರಿದದ್ದು, ತಣ್ಣಗಾಗಿ ಚಪ್ಪಲಿ ಅಟ್ಟೆ ಹಾಗೆ ಬಿರುಸಾದದ್ದು. ಮದುವೆ ಆಗಿ ಬಂದ ಮೇಲೆ ಚಿಕ್ತಾಯಿ ಒಂದು ದಿನಾನೂ ಹಬೆಯಾಡೋ ಇಡ್ಲಿ ಬಾಯಿಗಿಟ್ಟಿರಲಿಲ್ಲವಂತೆ. ಅವಳು ಮಾಡಿದ್ದು, ಅವಳು ಕೈ ಸುಟ್ಟುಕೊಂಡು ಇಳಿಸಿದ್ದು, ಅವಳಿಗೇ ಇಲ್ಲ. ನ್ಯಾಯಾನಾ ಇದು, ನೀನೇ ಹೇಳು. ಒಂದ್ಸಲ ಮೆಲ್ಲಗೆ ಕೇಳಿದ್ಲಂತೆ, ಅತ್ಯಮ್ಮ, ನಂಗೂ ಒಂದು ಬಿಸೀದು ತಿನ್ನೋ ಆಸೆ ಅಂತ. ಅತ್ತೆ, ಬಿಸಿಯಂತೆ ಬಿಸಿ, ಇಡ್ಲಿ ಆರಿದ್ರೇನೇ ಕಣೇ ರುಚಿ, ನಾವೆಲ್ಲ ತಿಂದು ಬದುಕಿಲ್ವಾ ಅಂತ ಗದರಿ ಕಳಿಸಿದ್ಲಂತೆ.

ಚಿಕ್ತಾಯಿ ಮೂಲೇಲಿ ಕೂತು ಅಳೋ ಪೈಕಿ ಅಲ್ಲ. ಕಟ್ಟಳೆ ಇರೋದು ಗುಳೀಲಿ ಬೆಂದದ್ದಕ್ಕೆ ತಾನೆ, ಗುಳಿ ಬಿಟ್ಟು ಬೇರೆ ಯಾವುದರಲ್ಲಾದ್ರೂ ಬೇಯಿಸಿದ್ರೆ ಅದು ನಂದೇ ಅಲ್ವಾ ಅಂತ ಯೋಚನೆ ಮಾಡಿದ್ಲಂತೆ. ಜಾಣೆ! ಆಮೇಲೆ ಒಂದು ಬೆಳಿಗ್ಗೆ ಎಲ್ಲರದ್ದೂ ಆದ ಮೇಲೆ ಹಿಟ್ಟಿನ ಪಾತ್ರೆ ತಳ ಬಳಿದು, ಹಿತ್ತಲಿಂದ ಅರಿಶಿನದ ಎಲೆ ಒಂದು ಕಿತ್ತು ತಂದು, ತೊಳೆದು, ಅದರ ಮೇಲೆ ಹಿಟ್ಟು ಸವರಿ, ನಡುವೆ ಕಾಯಿತುರಿ ಬೆಲ್ಲ ಇಟ್ಟು, ಮಡಚಿ ಹಬೆಗೆ ಇಟ್ಲಂತೆ. ಅರಿಶಿನದ ಎಲೆ ಬೆಂದ್ರೆ ಸುಮ್ಮನಿರುತ್ತಾ, ಅದರ ಘಮ ಅಡುಗೆಮನೆ ದಾಟಿ, ನಡುಮನೆ ದಾಟಿ, ಜಗುಲಿಗೆ ಹೋಯ್ತಂತೆ. ಜಗುಲೀಲಿ ಕಾಲು ಚಾಚಿ ಮಲಗಿದ್ದ ಕಿರಿಯೋನು ಮೂಗು ಎಳೀತಾ ಎಳೀತಾ ಬಂದನಂತೆ. ಅತ್ಗೆ, ಏನಿದು ಹೊಸದು, ಒಂಚೂರು ರುಚಿ ನೋಡ್ತೀನಿ ಅಂದನಂತೆ. ಒಂಚೂರು ಅಂದೋನು ಎಲೇನೂ ನೆಕ್ಕಿ ಎದ್ದನಂತೆ, ಕಳ್ಳ ನನ್ಮಗ. ಅದೂ ಸಾಲದು ಅಂತ, ಅವ್ವಾ, ನಾಳೆಯಿಂದ ನಮಗೆಲ್ಲ ಇದೇ ಬೇಕು ಅಂತ ಕೂಗಿದನಂತೆ. ತಿಮ್ಮಾಜಮ್ಮ, ಎಲೇಲಿ ಬೆಂದದ್ದೂ ಗಂಡಸರಿಗೇ ಅಂತ ಕಟ್ಟಳೆಗೆ ಇನ್ನೊಂದು ಬಾಲ ಸೇರಿಸಿದ್ಲಂತೆ.

ಹೂಂ ಅನ್ನು. ನಿದ್ದೆ ಬಂತಾ? ಇಲ್ಲ ತಾನೆ.

ಆಮೇಲೆ ಚಿಕ್ತಾಯಿ ಉಳಿದ ಹಿಟ್ಟಿಗೆ ಮೆಣಸು, ಜೀರಿಗೆ ಕುಟ್ಟಿ ಹಾಕಿ, ಶುಂಠಿ ಹೆಚ್ಚಿ ಹಾಕಿ, ತವರಿಂದ ತಂದಿದ್ದ ಹಿತ್ತಾಳೆ ಲೋಟಕ್ಕೆ ತುಪ್ಪ ಸವರಿ ಅದರಲ್ಲಿ ಬೇಯಿಸಿದ್ಲಂತೆ. ಲೋಟ ಅವಳದ್ದು, ಅದಕ್ಕೆ ಯಾರು ಬರ್ತಾರೆ ಅನ್ನೋ ಧೈರ್ಯ. ನಡುವಿನೋನು ಬಂದನಂತೆ! ನಂಗೆ ಶೀತ ಆಗಿದೆ ಅತ್ಗೆ, ಮೆಣಸು ಒಳ್ಳೇದು ಅಂತ ಲೋಟ ಬೋರಲು ಹಾಕಿ ತಿಂದನಂತೆ. ಶೀತವಂತೆ, ಎಮ್ಮೆ ಹಾಗಿದ್ದ. ತಿಮ್ಮಾಜಮ್ಮ ಲೋಟಾನೂ ಕಟ್ಟಳೆಗೆ ಸೇರಿಸಿದ್ಲಂತೆ.

ಮೂರನೇ ಸಲ ಚಿಕ್ತಾಯಿ, ಯಾರ ಕಣ್ಣೂ ಬೀಳಬಾರದು ಹಾಗೆ ಮಾಡ್ತೀನಿ ಅಂತ ಹಟ ಹಿಡಿದ್ಲಂತೆ. ರಾಗಿಹಿಟ್ಟು ಬೆರೆಸಿದ್ಲು, ನುಗ್ಗೆಸೊಪ್ಪು ತರಿದು ಹಾಕಿದ್ಲು. ಬಣ್ಣ ನೋಡಿದ್ರೆ ಸಗಣಿ ಉಂಡೆ. ಬಟ್ಟೆ ಮೇಲೆ ಉಂಡೆ ಮಾಡಿ ಇಟ್ಟು, ಮುಚ್ಚಳ ಮುಚ್ಚಿ, ಈ ಸಲ ನನ್ನದೇ ಅಂತ ಕಾದು ಕೂತ್ಲಂತೆ. ಆಗ ಬಂದೋನು ಯಾರು ಗೊತ್ತಾ? ಅವಳ ಗಂಡಾನೇ! ತಮ್ಮಂದಿರು ಕಸಿದು ತಿಂದಾಗ ನೋಡಿದ್ದೋನು, ಅವಳು ಬರೀ ಚಟ್ನಿ ನೆಕ್ಕೋದನ್ನ ಕಂಡಿದ್ದೋನು. ಏನೇ ಅದು, ರಾಗಿನಾ, ನಂಗೂ ಮೈಗೆ ಒಳ್ಳೇದು, ಇಳಿಸು ಅಂದನಂತೆ.

ಚಿಕ್ತಾಯಿ ಕೈಲಿದ್ದ ಸೌಟು ನೆಲಕ್ಕೆ ಬಿಸಾಕಿದ್ಲಂತೆ. ನಿಮ್ಮ ತಮ್ಮಂದಿರು ತಿಂದಾಗ ಬಾಯಿ ಮುಚ್ಕೊಂಡಿದ್ದೆ, ಅವರು ಹುಡುಗರು. ನೀವೂನಾ? ರುಬ್ಬೋಕೆ ನಾನು ಬೇಕು, ಊದೋಕೆ ನಾನು ಬೇಕು, ಒಂದು ತುತ್ತು ಬಿಸಿ ತಿನ್ನೋಕೆ ನಾನು ಬೇಡ್ವಾ? ಇನ್ನು ನೀವೇ ಬೇಯಿಸ್ಕೊಳ್ಳಿ ಅಂತ ಹೇಳಿ ಹಿತ್ತಲಿಗೆ ಹೋಗಿ ನುಗ್ಗೆ ಮರದ ಬುಡದಲ್ಲಿ ಕೂತುಬಿಟ್ಲಂತೆ.

ಗಂಡ ಅವಳು ಹೋಗೋದನ್ನ ನೋಡಿದನಂತೆ. ಆಮೇಲೆ ಏನು ಮಾಡಿದ, ಹಿಂದೆ ಹೋದನಾ? ಇಲ್ಲ! ಮುಚ್ಚಳಕ್ಕೆ ಕೈ ಹಾಕಿದನಂತೆ. ಮುಚ್ಚಳ ಬರಲಿಲ್ಲ. ನಡುವಿನೋನು ಬಂದು ಎಳೆದ, ಬರಲಿಲ್ಲ. ಕಿರಿಯೋನು ಪಾತ್ರೆ ತಬ್ಬಿಕೊಂಡು ಎಳೆದು ಎದೆ ಸುಟ್ಟುಕೊಂಡ, ಆದ್ರೂ ಬರಲಿಲ್ಲ. ಆಗ ಆ ಇಡ್ಲಿ ಪಾತ್ರೆ ಸಿಟ್ಟಲ್ಲಿ ದಡದಡ ಅಂತ ಕುಣಿದು ಬಾಯಿಬಿಟ್ಟಿತಂತೆ. ಎಷ್ಟು ದಿನ ಅಂತ ನೋಡಿಕೊಂಡಿರಲಿ, ನನಗೇ ನಾಚಿಕೆ ಆಗ್ತಿದೆ. ಈ ಮನೆ ಇಡ್ಲೀನ ಒಂದು ಸಲಾನೂ ಬಿಸಿಯಾಗಿ ತಿನ್ನದೇ ಇರೋ ಕೈ ಮುಟ್ಟಿದ್ರೆ ಮಾತ್ರ ತೆರೀತೀನಿ, ಇಲ್ಲಾಂದ್ರೆ ಇಲ್ಲ ಅಂತಂತೆ.

ಹಾಗಾದ್ರೆ ಚಿಕ್ತಾಯೀನೇ ಬರಬೇಕು ಅಂತ ಮೂವರೂ ಮುಖ ಮುಖ ನೋಡಿಕೊಂಡ್ರಂತೆ. ಅಷ್ಟರಲ್ಲಿ ತಿಮ್ಮಾಜಮ್ಮ ಪೊರಕೆ ಹಿಡಿದು ಬಂದ್ಲಂತೆ. ಅವಳನ್ನ ಯಾಕೆ ಕರೀಬೇಕು, ನನ್ನ ಮನೆ ಪಾತ್ರೆಗೆ ಇಷ್ಟು ಸೊಕ್ಕಾ ಅಂತ ಬೈತಾ ಮುಚ್ಚಳಕ್ಕೆ ಕೈ ಇಟ್ಲಂತೆ.

ಇಟ್ಟಿದ್ದೇ ತಡ, ಮುಚ್ಚಳ ಹೂವಿನ ಹಾಗೆ ಎದ್ದು ಬಂತಂತೆ.

ದೊಡ್ಡೋನು, ಅವ್ವಾ, ನೀನೂನಾ ಅಂದನಂತೆ. ನಂಗೆ ಆರಿದ್ದೇ ಇಷ್ಟ ಕಣೋ ಅಂತ ತಿಮ್ಮಾಜಮ್ಮ ಹೇಳೋಕೆ ಹೋದ್ಲಂತೆ. ಆಮೇಲೆ ಬಂತು ನೋಡು ಸಿಟ್ಟು! ಯಾವಾಗ ತಿನ್ನಲೋ ನಾನು? ನಿಮ್ಮ ತಾತ ತಿಂದ, ನಿಮ್ಮಪ್ಪ ತಿಂದ, ಆಮೇಲೆ ನೀವು ಮೂರು ಜನ ಸಾಲಾಗಿ ಕೂತ್ರಿ. ಒಬ್ಬನಾದ್ರೂ, ಅವ್ವಾ, ನಿಂದು ಆಯ್ತಾ ಅಂತ ಕೇಳಿದ್ರೇನೋ? ನಮ್ಮತ್ತೆ ನನ್ನ ಬಾಯಿ ಮುಚ್ಚಿಸಿದ್ಲು, ನಾನು ಆ ಹುಡುಗಿ ಬಾಯಿ ಮುಚ್ಚಿಸಿದೆ, ಥೂ ನನ್ನ ಜನ್ಮಕ್ಕೆ ಅಂತ ಪೊರಕೆ ಬಿಸಾಕಿ, ಆ ರಾಗಿ ಇಡ್ಲೀನ ಸೆರಗಲ್ಲಿ ಹಿಡಿದು ಹಿತ್ತಲಿಗೆ ಓಡಿದ್ಲಂತೆ. ಬಾಗಿಲಲ್ಲಿ ಅಡ್ಡ ನಿಂತಿದ್ದ ಮಕ್ಕಳನ್ನ ಮೊಣಕೈಯಲ್ಲಿ ನೂಕಿಕೊಂಡೇ ಹೋದ್ಲಂತೆ.

ಬಾರೇ ಚಿಕ್ತಾಯಿ, ಬೇಗ ಬಾರೇ, ಆರೋದ್ರೊಳಗೆ ತಿನ್ನೇ ಅಂತ ಮುರಿದು ಅರ್ಧ ಅವಳ ಕೈಗಿಟ್ಟು, ಅರ್ಧ ತಾನು ಬಾಯಿಗೆ ಹಾಕಿಕೊಂಡ್ಲಂತೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಇಬ್ಬರೂ ಹಾ ಹಾ ಅಂತ ಬಾಯಿ ತೆರಕೊಂಡೇ ಅಗಿದ್ರಂತೆ. ಆಮೇಲೆ ತಿಮ್ಮಾಜಮ್ಮ ಸಣ್ಣ ಹುಡುಗಿ ಹಾಗೆ ಸೊಸೆ ಮುಖ ನೋಡಿ ಕೇಳಿದ್ಲಂತೆ, ಇದು ಇಷ್ಟು ಮೆತ್ತಗಿರುತ್ತೇನೇ, ಅಂತ.

ಅವತ್ತಿಂದ ಹಳೇ ಕಟ್ಟಳೆ ಒಲೆಗೆ ಹೋಯ್ತಂತೆ. ಸಂಜೆ ಒರಳ ಮುಂದೆ ಮೂರು ಗಂಡುಮಕ್ಕಳು. ಮೊದಲ ದಿನ ಅವರು ರುಬ್ಬಿದ ಹಿಟ್ಟಿಂದ ಬೆಂದ ಇಡ್ಲೀಲಿ ಗೋಡೆ ಕಟ್ಟಬಹುದಿತ್ತಂತೆ, ಅದನ್ನೇ ಅವರಿಗೆ ತಿನ್ನಿಸಿದ್ರಂತೆ. ಪಾತ್ರೆಯಿಂದ ಇಳಿಯೋ ಮೊದಲ ಒಬ್ಬೆ, ಒಲೆ ಮುಂದೆ ಬೆವರು ಸುರಿಸಿದೋರಿಗೆ. ಚಿಕ್ತಾಯಿ ದಿನಕ್ಕೊಂದು ಥರ ಮಾಡ್ತಿದ್ಲಂತೆ, ಒಂದಿನ ಸೌತೆಕಾಯಿ ತುರಿದು ಹಾಕಿ, ಒಂದಿನ ಸಬ್ಬಸಿಗೆ ಸೊಪ್ಪು ಹಾಕಿ, ಒಂದಿನ ಬಾಳೆಎಲೇಲಿ ಸುತ್ತಿ. ಈಗ ಬಚ್ಚಿಟ್ಟುಕೊಳ್ಳೋಕೆ ಅಲ್ಲ, ಖುಷಿಗೆ. ಅತ್ತೆ ಸೊಸೆ ಒಲೆ ಮುಂದೆ ಮಣೆ ಹಾಕಿ ಕೂತು ಬಿಸಿಬಿಸಿ ತಿಂತಾ, ಎಲ್ಲರೂ ಸುಖವಾಗಿದ್ರಂತೆ.

ಏನೋ, ಕಣ್ಣು ಮುಚ್ಚಿಲ್ವಾ ಇನ್ನೂ? ಸರಿ, ಕೇಳು ಹಾಗಾದ್ರೆ. ಬೆಳಿಗ್ಗೆ ನೀನು ತಳ್ಳಿದ್ಯಲ್ಲ ಆ ಆರಿದ ಇಡ್ಲಿ, ಅದನ್ನ ಯಾರು ತಿಂದ್ರು ಗೊತ್ತಾ? ನಿಮ್ಮಮ್ಮ. ನಿಂತ್ಕೊಂಡೇ, ನೀನು ಚಟ್ನಿ ಮೆತ್ತಿ ಬಿಟ್ಟಿದ್ದ ತಟ್ಟೇಲೇ. ನಮ್ಮನೆ ಪಾತ್ರೆಗೆ ಬಾಯಿಲ್ಲ ನೋಡು, ಅದಕ್ಕೆ ನಾನು ಬಾಯಿಬಿಡಬೇಕಾಯ್ತು. ನನ್ನ ಕತೆ ಮುಗೀತು. ಮಿಕ್ಕಿದ್ದನ್ನ ನಾಳೆ ಬೆಳಿಗ್ಗೆ ಮೊದಲ ಒಬ್ಬೆ ಇಳಿದಾಗ ನೀನು ಮುಗಿಸು, ಅದನ್ನ ಯಾರ ಕೈಗಿಡ್ತೀಯ ನೋಡೋಕೆ ನಾನು ಅಡುಗೆಮನೆ ಬಾಗಿಲಲ್ಲೇ ಕೂತಿರ್ತೀನಿ.