ಅಂಗೈ ದಿಣ್ಣೆ

ನಮ್ಮೂರಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಅಂಗೈ ದಿಣ್ಣೆ ಸಿಗುತ್ತದೆ. ಮರವಿಲ್ಲ. ಗೋರಿಯಿಲ್ಲ, ಗುಮ್ಮಟವಿಲ್ಲ. ಒಂದು ಹಾಸುಬಂಡೆ, ಅದರ ಮೇಲೆ ಅಂಗೈಯಗಲದ ಎರಡು ಕುಳಿ. ಪಕ್ಕದಲ್ಲಿ ನೀರಿನ ಗಡಿಗೆ. ಆ ನೀರನ್ನು ಯಾರು ಬೇಕಾದರೂ ಕುಡಿಯಬಹುದು. ಆದರೆ ಅದರಲ್ಲಿ ಕೈಕಾಲು ತೊಳೆಯುವಂತಿಲ್ಲ. ನಮಾಜಿಗೆ ನಿಲ್ಲುವವರೂ ತೊಳೆಯುವುದಿಲ್ಲ. ಯಾಕೆ ಅಂತ ಹೊಸಬರು ಕೇಳುತ್ತಾರೆ. ಹಿರಿಯರಿಂದ ಕೇಳಿದ್ದನ್ನು ಹೇಳುತ್ತೇನೆ.

ಹಿಂದೆ ಒಮ್ಮೆ, ಹತ್ತಿ ಎಕ್ಕಿ ಗಾದಿ ತುಂಬುವ ಪಿಂಜಾರ ಬುಡ್ಡಾಸಾಬ ಹೆಂಡತಿ ಹೊನ್ನೂರವ್ವನ ಜೊತೆ ಈ ದಾರಿಯಲ್ಲಿ ಬಂದನಂತೆ. ಅವನಿಗೆ ಓದು ಬಾರದು. ಗೊತ್ತಿದ್ದದ್ದು ಇಷ್ಟು. ದೇವರು ಒಬ್ಬನೇ, ಪೈಗಂಬರರು ಅವನ ಮಾತು ತಂದವರು. ದಿನಕ್ಕೆ ಐದು ಹೊತ್ತು ನಮಾಜು. ರಂಜಾನಿನಲ್ಲಿ ರೋಜಾ, ಅಂದರೆ ಹೊತ್ತು ಮುಳುಗುವ ತನಕ ಉಪವಾಸ, ಹನಿ ನೀರೂ ಇಲ್ಲ. ಇದ್ದವರು ಇಲ್ಲದವರಿಗೆ ಪಾಲು ಕೊಡಬೇಕು. ಮಕ್ಕಾ ಅವನ ಕಾಲಿಗೆ ದೂರ. ಶಕ್ತಿ ಇದ್ದವರಿಗಷ್ಟೇ ಅದು ಕಡ್ಡಾಯ ಎಂದು ಕೇಳಿ ಸಮಾಧಾನ ಮಾಡಿಕೊಂಡಿದ್ದ. ನಮಾಜು ಮಾತ್ರ ಒಂದು ಹೊತ್ತೂ ತಪ್ಪಿಸಿದವನಲ್ಲ.

ಅದು ರಂಜಾನು, ಕಡು ಬೇಸಿಗೆ. ಇಬ್ಬರಿಗೂ ರೋಜಾ. ದಿಣ್ಣೆ ಹತ್ತುವಾಗ ಹೊನ್ನೂರವ್ವ ಕುಸಿದಳು. ಮೈ ಕೆಂಡ, ತುಟಿ ಒಡೆದಿತ್ತು. ಮಧ್ಯಾಹ್ನದ ನಮಾಜಿನ ಹೊತ್ತು ಮೀರುತ್ತಿತ್ತು. ಚೊಂಬಿನಲ್ಲಿ ಉಳಿದದ್ದು ವಜೂಗೆ, ನಮಾಜಿಗೆ ಮುನ್ನ ಮುಖ ಕೈಕಾಲು ತೊಳೆಯಲು, ಇಟ್ಟುಕೊಂಡ ನಾಲ್ಕು ಬೊಗಸೆ ನೀರು. ಮುಂದಿನ ಬಾವಿ ಎರಡು ಹರದಾರಿ. ಅವನು ಚೊಂಬನ್ನು ಅವಳ ಬಾಯಿಗೆ ಹಿಡಿದ.

“ಕುಡಿ. ಜಡ್ಡಾದವರು ರೋಜಾ ಬಿಡಬಹುದು. ಮುಂದೆ ಒಂದಿನ ಹಿಡಿದು ತೀರಿಸು.”

“ಅದು ನಿನ್ನ ವಜೂ ನೀರು.”

“ನಮಾಜು ನಾ ನೋಡ್ಕೋತೀನಿ.”

“ಏನ್ ನೋಡ್ಕೋತಿ? ಉಗುಳಿನಾಗ ಮುಖ ತೊಳೀತಿಯಾ?”

ಹೊನ್ನೂರವ್ವನ ಅಪ್ಪ ಮಸೀದಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವನು. ನೀರಿಲ್ಲದ ಕಡೆ, ಇದ್ದ ನೀರು ಜೀವಕ್ಕೆ ಬೇಕಾದ ಕಡೆ, ಶುದ್ಧ ಮಣ್ಣನ್ನೋ ಕಲ್ಲನ್ನೋ ಅಂಗೈಯಿಂದ ಮುಟ್ಟಿ ಮುಖ ಕೈ ಸವರಿಕೊಂಡರೆ ಸಾಕು, ವಜೂ ಆಯಿತು ಎಂದು ಅವಳು ಅಪ್ಪನಿಂದ ಕಲಿತಿದ್ದಳು. ಹೇಳಿದಳು. ಅವನು ನಂಬಲಿಲ್ಲ. ಧೂಳು ಬಳಿದುಕೊಂಡು ದೇವರ ಮುಂದೆ ನಿಲ್ಲುವುದು ಹೇಗೆ?

“ನನಗೊಂದು ಕಾನೂನು, ನಿನಗೊಂದೇನು? ನೀ ಕಲ್ಲು ಮುಟ್ಟು, ನಾ ನೀರು ಮುಟ್ತೀನಿ” ಅಂದು ಬಾಯಿ ಬಿಗಿದಳಂತೆ. ಕಣ್ಣು ಮೇಲೆ ಹೋಗುತ್ತಿತ್ತು. ಬುಡ್ಡಾಸಾಬ ಎರಡೂ ಅಂಗೈಗಳನ್ನು ಬಂಡೆಗೆ ಒತ್ತಿದ. ಮುಖ ಸವರಿದ. ಮತ್ತೆ ಒತ್ತಿ ಮೊಣಕೈವರೆಗೆ ಸವರಿದ. ತಿರುಗಿ ನೋಡಿದಾಗ ಅವಳು ಕುಡಿಯುತ್ತಿದ್ದಳು. ಅವನು ಮಕ್ಕಾ ಇರುವ ಪಡುವಣಕ್ಕೆ ಮುಖ ಮಾಡಿ ನಿಂತು ನಮಾಜು ಮುಗಿಸುವಷ್ಟರಲ್ಲಿ ಅವಳು ಎದ್ದು ಕುಳಿತು, “ಗಡ್ಡಕ್ಕೆ ಮಣ್ಣು ಮೆತ್ತೇತಿ” ಎಂದು ನಕ್ಕಳು ಎನ್ನುತ್ತಾರೆ. ಹಬ್ಬ ಕಳೆದ ಮೇಲೆ ಬಿಟ್ಟ ಒಂದು ರೋಜಾ ತೀರಿಸಿದಳು. ಜೊತೆಗೆ ಅವನೂ ಹಿಡಿದನಂತೆ.

ಕುಳಿ ಆ ದಿನವೇ ಮೂಡಿತು ಎನ್ನುತ್ತಾರೆ. ಬಂದವರೆಲ್ಲ ಕೈ ಇಟ್ಟು ಇಟ್ಟು ಸವೆದದ್ದು ಅಂತ ನಮ್ಮಾಕೆ ಹೇಳುತ್ತಿದ್ದಳು. ಇರಬಹುದು. ಗಡಿಗೆ ತುಂಬುವುದು ಅವಳ ಕೆಲಸವಾಗಿತ್ತು. ಅವಳು ಹೋದ ಮೇಲೆ, ಎರಡು ವರ್ಷದಿಂದ, ನನ್ನದು. ಮೊನ್ನೆ ಕುರಿ ಕಾಯುವ ಭರಮಪ್ಪ ಕುಡಿದು, “ಅಕ್ಕ ಇಟ್ಟಂಗೇ ತಣ್ಣಗೈತಿ” ಅಂದ. ಅವಳು ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ನೀವು ಯಾವಾಗ ಬಂದರೂ ಆ ಬಟ್ಟೆ ಒದ್ದೆಯಿರುತ್ತದೆ.